ಪೈಪು ಕೊಯ್ಯದೆ ಶಾಖ ಅಳೆದ ಬಗೆ

1826ರ ನವೆಂಬರ್. ಜಿನೀವಾ ಸರೋವರದಲ್ಲಿ ಒಂದು ದೋಣಿಯಿಂದ ಗಂಟೆಯನ್ನು ನೀರಿಗೆ ಇಳಿಬಿಟ್ಟಿದ್ದರು. ಗಂಟೆಗೆ ಪೆಟ್ಟು ಬಿದ್ದ ಕ್ಷಣಕ್ಕೇ ಮೇಲೆ ಮದ್ದು ಹೊತ್ತಿ ಬೆಳಕು ಮಿಂಚುತ್ತಿತ್ತು. ಸುಮಾರು ಹದಿಮೂರೂವರೆ ಕಿಲೋಮೀಟರ್ ಆಚೆ, ಇನ್ನೊಂದು ದೋಣಿಯಲ್ಲಿ, ಜಾನ್-ಡೇನಿಯಲ್ ಕೊಲಡೊನ್ ತಗಡಿನ ಉದ್ದ ಕೊಳವೆಯನ್ನು ನೀರಿಗದ್ದಿ ಅದಕ್ಕೆ ಕಿವಿಗೊಟ್ಟು ಕೂತಿದ್ದ. ಬೆಳಕು ಕಂಡು ಒಂಬತ್ತು ಸೆಕೆಂಡು ದಾಟಿದ ಮೇಲೆ ಸದ್ದು ಬರುತ್ತಿತ್ತು. ಅವನೂ ಗಣಿತಜ್ಞ ಶಾರ್ಲ್ ಸ್ಟರ್ಮ್‌ನೂ ಸೇರಿ ಲೆಕ್ಕ ತೆಗೆದರು: 8 ಡಿಗ್ರಿ ನೀರಿನಲ್ಲಿ ಶಬ್ದ ಸೆಕೆಂಡಿಗೆ 1,435 ಮೀಟರ್ ಓಡುತ್ತದೆ.

ಇವತ್ತಿನ ದೊಡ್ಡ ಆಸ್ಪತ್ರೆಗಳಲ್ಲಿ ಎಸಿಗಾಗಿ ನೀರನ್ನು ತಂಪಾಗಿಸುವ ಚಿಲ್ಲರ್‌ನಿಂದ ಹೊರಡುವ ತಣ್ಣೀರೂ ಸುಮಾರು 7 ಡಿಗ್ರಿಯದೇ. ಕೊಲಡೊನ್ ಕಿವಿಯಿಂದ ಅಳೆದ ವೇಗ ಹೆಚ್ಚುಕಡಿಮೆ ಆ ಪೈಪಿನೊಳಗೂ ಹಾಗೇ ಇದೆ.

ದುಂಡಸಿ, ಶಿಗ್ಗಾವಿ ಕಡೆಯವರು ದೊಡ್ಡ ಚಿಕಿತ್ಸೆಗೆಂದು ಹುಬ್ಬಳ್ಳಿಗೆ ಹೋಗುತ್ತಾರೆ. ಅಲ್ಲಿನ ಅಂಥ ದೊಡ್ಡ ಆಸ್ಪತ್ರೆಯೊಂದರಲ್ಲಿ ತಂಪಿಗೆ ಎಷ್ಟು ಕರೆಂಟು ಹೋಯಿತೆಂಬುದನ್ನು ವಿದ್ಯುತ್ ಮೀಟರ್ ಹೇಳುತ್ತದೆ. ಆ ಕರೆಂಟಿಗೆ ಎಷ್ಟು ತಂಪು ಸಿಕ್ಕಿತು ಎಂಬುದನ್ನು ಅದು ಹೇಳುವುದಿಲ್ಲ. ಥರ್ಮಾಮೀಟರ್ ಒಂದೇ ಇದ್ದರೂ ಸಾಲದು. ತಾಪಮಾನ ಬೇರೆ, ಶಾಖದ ಪ್ರಮಾಣ ಬೇರೆ ಎಂದು ಜೋಸೆಫ್ ಬ್ಲ್ಯಾಕ್ 1760ರ ಹೊತ್ತಿಗೇ ಗ್ಲಾಸ್ಗೋದಲ್ಲಿ ವಿವರಿಸಿದ್ದ. ಎಷ್ಟು ನೀರು ಹರಿಯಿತು, ಅದು ಎಷ್ಟು ಡಿಗ್ರಿ ಏರಿತು ಅಥವಾ ಇಳಿಯಿತು ಎಂಬ ಎರಡೂ ಸಿಕ್ಕರೆ ಮಾತ್ರ ಲೆಕ್ಕ ಕೂಡುತ್ತದೆ. ಸೆಕೆಂಡಿಗೆ 50 ಲೀಟರ್ ನೀರು 12 ಡಿಗ್ರಿಗೆ ಒಳಬಂದು 7 ಡಿಗ್ರಿಗೆ ಹೊರಟರೆ, 50ನ್ನು 5ರಿಂದಲೂ ನೀರಿನ ವಿಶಿಷ್ಟೋಷ್ಣ 4.18ರಿಂದಲೂ ಗುಣಿಸಿ: 1,045 ಕಿಲೋವ್ಯಾಟ್. ಎಸಿ ಅಂಗಡಿಯವರ ಮಾತಿನಲ್ಲಿ 300 ಟನ್ನಿಗೆ ಹತ್ತಿರ.

ಡಿಗ್ರಿ ಅಳೆಯುವುದು ಸುಲಭವೆಂದು ತೋರುತ್ತದೆ. ಹರಿವಿನದು ತೊಡಕು. ಹಳೆಯ ಪೈಪಿಗೆ ಮೀಟರ್ ಕೂರಿಸಬೇಕೆಂದರೆ ಚಿಲ್ಲರ್ ನಿಲ್ಲಿಸಬೇಕು, ನೀರು ಬಸಿಯಬೇಕು, ಪೈಪು ಕೊಯ್ದು ಫ್ಲ್ಯಾಂಜ್ ವೆಲ್ಡ್ ಮಾಡಬೇಕು. ಆಪರೇಷನ್ ಥಿಯೇಟರ್ ನಡೆಯುತ್ತಿರುವ ಕಡೆ ಇದಕ್ಕೆ ಯಾರು ಒಪ್ಪುತ್ತಾರೆ? ಆದ್ದರಿಂದ ಎಷ್ಟೋ ಕಡೆ ಅಳತೆಯೇ ಆಗುತ್ತಿರಲಿಲ್ಲ; ಪಂಪಿನ ಮೇಲಿನ ಫಲಕ ನೋಡಿ ಅಂದಾಜು ಕಟ್ಟುತ್ತಿದ್ದರು.

ಪೈಪನ್ನು ಕೊಯ್ಯದೆ ಹೊರಗಿನಿಂದಲೇ ಒಳಗಿನ ನೀರನ್ನು ಕೇಳಿಸಿಕೊಳ್ಳಬಹುದೆಂಬ ದಾರಿ ಬಂದದ್ದು ಪೈಪುಗಳ ಗೊಡವೆಯೇ ಇಲ್ಲದ ಜನರಿಂದ. 1880ರಲ್ಲಿ ಪ್ಯಾರಿಸ್ಸಿನ ಜಾಕ್ ಮತ್ತು ಪಿಯರ್ ಕ್ಯೂರಿ ಸಹೋದರರು ಸ್ಫಟಿಕವನ್ನು ಒತ್ತಿದರೆ ವಿದ್ಯುತ್ ಹುಟ್ಟುವುದನ್ನು ಕಂಡರು. ವಿದ್ಯುತ್ ಕೊಟ್ಟರೆ ಸ್ಫಟಿಕ ಅಲುಗುವುದೂ ಮರುವರ್ಷ ಖಚಿತವಾಯಿತು. ಮೊದಲ ಮಹಾಯುದ್ಧದಲ್ಲಿ ಪಾಲ್ ಲ್ಯಾಂಜೆವಿನ್ ಅದೇ ಸ್ಫಟಿಕವನ್ನು ಉಕ್ಕಿನ ಎರಡು ತಟ್ಟೆಗಳ ನಡುವೆ ಇಟ್ಟು, ಜಲಾಂತರ್ಗಾಮಿಗಳನ್ನು ಹುಡುಕಲು ಕಿವಿಗೆ ಕೇಳದ ಶಬ್ದವನ್ನು ಸಮುದ್ರಕ್ಕೆ ಬಿಟ್ಟ. ಕೂಗುವ ಬಾಯಿ, ಕೇಳುವ ಕಿವಿ ಎರಡೂ ಒಂದೇ ಚೂರಿನಲ್ಲಿ ಸಿಕ್ಕವು.

ಅಂಥ ಶಬ್ದದಿಂದ ಹರಿವನ್ನು ಅಳೆಯಬಹುದೆಂಬ ಪೇಟೆಂಟ್ 1928ರಲ್ಲೇ ಜರ್ಮನಿಯಲ್ಲಿ ರ‍್ಯೂಟನ್ ಎಂಬವರ ಹೆಸರಿಗೆ ದಾಖಲಾಗಿತ್ತು. ಯೋಚನೆ ಸರಳ. ಮುಂಗಾರಿನ ಗಾಳಿಯಲ್ಲಿ ದುಂಡಸಿಯಿಂದ ತಡಸಕ್ಕೆ ಸೈಕಲ್ ತುಳಿದವರಿಗೆ ಗೊತ್ತು, ಹೋಗುವ ಹೊತ್ತೇ ಬೇರೆ, ಬರುವ ಹೊತ್ತೇ ಬೇರೆ. ಎರಡೂ ಹೊತ್ತು ತಿಳಿದರೆ ಗಾಳಿ ಎಷ್ಟು ಜೋರಿತ್ತೆಂದು ಅಂದಾಜಿಸಬಹುದು. ಪೈಪಿನಲ್ಲೂ ಹಾಗೆ: ಶಬ್ದವನ್ನು ಒಮ್ಮೆ ಹರಿವಿನ ಜೊತೆ, ಒಮ್ಮೆ ಎದುರು ಓರೆಯಾಗಿ ಕಳಿಸಿ ಎರಡು ಕಾಲಗಳನ್ನು ಹೋಲಿಸುವುದು. ಇದರಲ್ಲೊಂದು ಸೊಗಸಿದೆ. ಆ ಕಾಲಗಳ ವ್ಯುತ್ಕ್ರಮಗಳನ್ನು ಕಳೆದರೆ ಶಬ್ದದ ವೇಗ ಲೆಕ್ಕದಿಂದ ಬಿದ್ದೇ ಹೋಗಿ ನೀರಿನ ವೇಗ ಮಾತ್ರ ಉಳಿಯುತ್ತದೆ. ನೀರು ಬಿಸಿಯಾದಂತೆ ಶಬ್ದದ ವೇಗ ಬದಲಾಗುವುದರಿಂದ, ಶಾಖ ಅಳೆಯುವವರಿಗೆ ಇದು ದೊಡ್ಡ ಅನುಕೂಲ.

ಹಾಗಿದ್ದೂ ಯೋಚನೆ ದಶಕಗಟ್ಟಲೆ ಕಾಗದದಲ್ಲೇ ಉಳಿಯಿತು. ಕಾರಣ, ಆ ಕಾಲವ್ಯತ್ಯಾಸ ತೀರ ಕಿರಿದು. 200 ಮಿಲಿಮೀಟರ್ ಪೈಪನ್ನು ದಾಟಿ, ಪ್ರತಿಫಲಿಸಿ ಬರಲು ಶಬ್ದಕ್ಕೆ ಬೇಕಾಗುವುದು ಸೆಕೆಂಡಿನ ಹತ್ತುಸಾವಿರದ ಮೂರು ಪಾಲು. ಹೋಗುವ ಬರುವ ಕಾಲಗಳ ಅಂತರವೋ ಸೆಕೆಂಡಿನ ಕೋಟಿಯ ಎರಡು ಪಾಲಿನಷ್ಟು. 1954ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯ ಹೆನ್ರಿ ಕಾಲ್ಮಸ್ ಎರಡು ಸ್ಫಟಿಕಗಳ ಕೆಲಸವನ್ನು ಕ್ಷಣಕ್ಷಣಕ್ಕೂ ಅದಲುಬದಲು ಮಾಡುವ ಎಲೆಕ್ಟ್ರಾನಿಕ್ ಹರಿವುಮಾಪಕದ ವಿವರ ಪ್ರಕಟಿಸಿದರು. ಅದೇ ದಶಕದಲ್ಲಿ ಒಸಾಕಾದ ಶಿಗೆಒ ಸತೋಮುರಾ ಚರ್ಮದ ಮೇಲಿಂದಲೇ ಹೃದಯದ ಚಲನೆಯನ್ನು ಶ್ರವಣಾತೀತ ಶಬ್ದದಿಂದ ಹಿಡಿದರು. ಮನುಷ್ಯನ ಮೈಯನ್ನು ಕೊಯ್ಯದೆ ಒಳಗಿನದನ್ನು ಅಳೆಯುವ ಆಸೆ ಪೈಪಿನ ಕೆಲಸಕ್ಕೂ ಧೈರ್ಯ ಕೊಟ್ಟಿತೆಂದು ನಾನು ನಂಬುತ್ತೇನೆ. 1963ರಲ್ಲಿ ಜಪಾನಿನ ಟೋಕಿಯೊ ಕೇಯ್ಕಿ ಕಂಪನಿ ಕಾರ್ಖಾನೆಗಳಿಗೆ ಇಂಥ ಮೀಟರ್ ತಂದಿತು. 1970ರ ದಶಕದಲ್ಲಿ ಅಮೆರಿಕದ ಕಂಟ್ರೋಲೊಟ್ರಾನ್ ಪೈಪಿನ ಹೊರಮೈಗೆ ಬಿಗಿಯುವ ಮಾದರಿಯನ್ನು ಮಾರುಕಟ್ಟೆಗೆ ಇಳಿಸಿತು. 1973ರ ತೈಲ ಬಿಕ್ಕಟ್ಟು ಅದೇ ಹೊತ್ತಿಗೆ ಬಂದು, ಶಾಖದ ಲೆಕ್ಕ ಎಲ್ಲರಿಗೂ ಬೇಕಾಯಿತು.

ನಮ್ಮಲ್ಲಿ ದಾರಿ ತೆರೆದದ್ದು 2001ರ ಇಂಧನ ಸಂರಕ್ಷಣಾ ಕಾಯ್ದೆ. ಆಮೇಲೆ ಎನರ್ಜಿ ಆಡಿಟ್ ಮಾಡುವವರ ಪೆಟ್ಟಿಗೆಯಲ್ಲಿ ಈ ಮೀಟರ್ ಸೇರಿತು. ಕರ್ನಾಟಕದಲ್ಲಿ ಕಾಯ್ದೆಯ ಜವಾಬ್ದಾರಿ ರಾಜ್ಯ ಸರ್ಕಾರದ ಇಂಧನ ಸಂಸ್ಥೆ ಕ್ರೆಡಲ್‌ನದು. ಅಳತೆಯ ಬೆಲೆ ಏನೆಂಬುದಕ್ಕೆ ಬೆಂಗಳೂರಿನ ಇನ್ಫೋಸಿಸ್ ತನ್ನ ಹೈದರಾಬಾದ್ ಕ್ಯಾಂಪಸ್ಸಿನಲ್ಲಿ ಕಟ್ಟಿದ ಕಟ್ಟಡವನ್ನು ನೋಡಬೇಕು. ಒಂದರ್ಧಕ್ಕೆ ಮಾಮೂಲಿ ಎಸಿ, ಇನ್ನರ್ಧಕ್ಕೆ ಚಪ್ಪಡಿಯೊಳಗಿನ ಕೊಳವೆಗಳಲ್ಲಿ ಹರಿಯುವ ತಣ್ಣೀರು. ಎರಡನ್ನೂ ಅಳೆದು ಹೋಲಿಸಿದಾಗ ಎರಡನೆಯದಕ್ಕೆ 34% ಕಡಿಮೆ ಇಂಧನ ಸಾಕಾಗಿತ್ತು. ಹೊಸ ಕಟ್ಟಡಕ್ಕೆ ಕಟ್ಟುವಾಗಲೇ ಮೀಟರ್ ಹಾಕಬಹುದು. ಹೊರಗಿಂದ ಬಿಗಿಯುವ ಮೀಟರ್ ಬೇಕಾಗುವುದು ಹಳೆಯವಕ್ಕೆ.

ಹಳೆಯ ಪೈಪಿನ ಮುಂದೆ ನಿಂತವರ ಕೆಲಸ ನಿಧಾನದ್ದು. ಬಣ್ಣ ಕೆರೆದು, ಗ್ರೀಸ್ ಹಚ್ಚಿ, ಸ್ಫಟಿಕಕ್ಕೂ ಪೈಪಿಗೂ ನಡುವೆ ಗಾಳಿ ನುಸುಳದಂತೆ ಬಿಗಿಯಬೇಕು. ಪೈಪಿನ ಗೋಡೆ ಎಷ್ಟು ದಪ್ಪ, ಒಳಗೆ ಸುಣ್ಣ ಕಟ್ಟಿದೆಯೋ ನೋಡಬೇಕು. ಬೆಂಡು, ವಾಲ್ವುಗಳಿಂದ ದೂರ, ಮೀಟರಿನ ಹಿಂದೆ ಪೈಪಿನ ವ್ಯಾಸದ ಹತ್ತು ಪಟ್ಟಾದರೂ ನೇರ ಜಾಗ ಹುಡುಕಬೇಕು. ಹಬೆಗೆ ಇದು ಸುಲಭದಲ್ಲಿ ಒಗ್ಗದು. ಬಾಯ್ಲರ್ ಇರುವಲ್ಲಿ ಅದಕ್ಕೆ ಹೋಗುವ ನೀರನ್ನು ಅಳೆಯುವುದು ವಾಸಿ.

ಇಷ್ಟೆಲ್ಲ ಆದ ಮೇಲೆ ಸುಲಭವೆಂದುಕೊಂಡ ಥರ್ಮಾಮೀಟರಿನಲ್ಲೇ ಲೆಕ್ಕ ಕೆಡುವುದುಂಟು. ಹೋಗುವ ಬರುವ ನೀರಿನ ಅಂತರ ಬರೀ 5 ಡಿಗ್ರಿ. ಅದರಲ್ಲಿ ಅರ್ಧ ಡಿಗ್ರಿ ತಪ್ಪಿದರೆ ಶಾಖದ ಲೆಕ್ಕದಲ್ಲಿ ನೂರಕ್ಕೆ ಹತ್ತು ತಪ್ಪು. ಅದಕ್ಕೇ ಬಲ್ಲವರು ಪೈಪಿಗೆ ಕಟ್ಟುವ ಮುಂಚೆ ಎರಡೂ ಥರ್ಮಾಮೀಟರನ್ನು ಒಂದೇ ಪಾತ್ರೆಯ ನೀರಿಗೆ ಅದ್ದಿ, ಅವೆರಡರ ನಡುವಿನ ವ್ಯತ್ಯಾಸವನ್ನು ಮೊದಲು ಬರೆದಿಟ್ಟುಕೊಳ್ಳುತ್ತಾರೆ.