ಕೇಳಿದ್ದು, ಓದಲಿಕ್ಕೆ: ವಿಧೇಯತೆ ಅಂದ್ರೆ ಸುಮ್ಮನೆ ಸಹಿಸ್ಕೊಳ್ಳೋದಾ?

ವಿಜಯನಗರದಿಂದ ಮಾಗಡಿ ರಸ್ತೆ ಹಿಡಿದು ರಿಂಗ್ ರೋಡ್ ಕಡೆ ಹೋದ್ರೆ ಸುಮನಹಳ್ಳಿ ಬರುತ್ತೆ. ನಮಗೆಲ್ಲ ಅದು ಫ್ಲೈಓವರ್, ಬಸ್ ಸ್ಟಾಪ್, ಟ್ರಾಫಿಕ್. ಆದರೆ ಅಲ್ಲಿ ಅದೇ ಹೆಸರಿನ ಒಂದು ಪುನರ್ವಸತಿ ಕೇಂದ್ರ ಇದೆ. 1970ರ ದಶಕದ ಕೊನೆಯಲ್ಲಿ ರಾಜ್ಯ ಸರ್ಕಾರ ಕೇಳಿಕೊಂಡ ಮೇಲೆ, ಕುಷ್ಠರೋಗದಿಂದ ನರಳಿದವರಿಗಾಗಿ ಬೆಂಗಳೂರಿನ ಕ್ಯಾಥೊಲಿಕ್ ಮಹಾಧರ್ಮಪ್ರಾಂತ್ಯ ಅದನ್ನು ಶುರು ಮಾಡಿತು. ಆಗ ಆ ಜಾಗ ಊರ ಹೊರಗಿತ್ತು.

ಇವತ್ತಿನ ಪ್ರಶ್ನೆಗೂ ಆ ಜಾಗಕ್ಕೂ ಸಂಬಂಧ ಇದೆ. ಕ್ರೈಸ್ತರು ‘ಕಷ್ಟದಲ್ಲೂ ವಿಧೇಯತೆ’ ಅಂತಾರೆ. ಅಂದ್ರೆ ಬಂದದ್ದನ್ನ ಬಾಯಿ ಮುಚ್ಕೊಂಡು ಅನುಭವಿಸು ಅಂತಾನಾ?

ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ಒಬ್ಬ ಕುಷ್ಠರೋಗಿ ಬರ್ತಾನೆ. ಆ ಕಾಲದಲ್ಲಿ ಅಂಥವರು ಊರ ಹೊರಗೇ ಇರಬೇಕಿತ್ತು. ಯೇಸು ಅವನಿಗೆ ‘ಸಹಿಸ್ಕೋ’ ಅನ್ನಲಿಲ್ಲ. ಕೈ ಚಾಚಿ ಮುಟ್ಟಿದರು, ವಾಸಿ ಮಾಡಿದರು. ಅವನು ಎಲ್ಲರಿಗೂ ಸಾರಿದ. ಸುದ್ದಿ ಹಬ್ಬಿದ ಮೇಲೆ ಯೇಸುವೇ ಬಹಿರಂಗವಾಗಿ ಊರೊಳಗೆ ಹೋಗಲಾಗದೆ ನಿರ್ಜನ ಜಾಗಗಳಲ್ಲಿ ಉಳಿಯಬೇಕಾಯ್ತು. ಅಂದ್ರೆ ಇಬ್ಬರ ಜಾಗ ಅದಲುಬದಲಾಯ್ತು. ತ್ಯಾಗದ ಪ್ರೀತಿ ಅಂತ ಕ್ರೈಸ್ತರು ಕರೆಯೋದು ಇದನ್ನೇ. ಶಿಲುಬೆಯೂ ನಿಂತದ್ದು ಜೆರುಸಲೇಮಿನ ಗೋಡೆಯ ಹೊರಗೆ.

ಶಿಲುಬೆಯ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸು, ಸಾಧ್ಯವಾದರೆ ಈ ನೋವು ತಪ್ಪಲಿ ಅಂತಲೇ ಪ್ರಾರ್ಥಿಸಿದರು. ನೋವು ಒಳ್ಳೇದು ಅಂತ ಅವರು ಎಲ್ಲೂ ಹೇಳಲಿಲ್ಲ. ಜನರನ್ನ ಕೈಬಿಡದಿರೋದು ತಂದೆಯ ಇಚ್ಛೆ ಅಂತ ನಂಬಿದರು, ಅದಕ್ಕೆ ತಲೆಬಾಗಿದರು.

ಈ ಪಾಠವನ್ನ ಬದುಕಿ ತೋರಿಸಿದವರಲ್ಲಿ ಬೆಲ್ಜಿಯಂನ ಫಾದರ್ ಡೇಮಿಯನ್ ಒಬ್ಬರು. 1873ರಲ್ಲಿ, 33ನೇ ವಯಸ್ಸಿನಲ್ಲಿ, ಹವಾಯಿಯ ಮೊಲೊಕೈ ದ್ವೀಪಕ್ಕೆ ಹೋದರು. ಕುಷ್ಠರೋಗಿಗಳನ್ನ ಸರ್ಕಾರ ಅಲ್ಲಿಗೆ ಸಾಗಿಸ್ತಿತ್ತು. ಅವರ ಗಾಯ ತೊಳೆದರು, ಮನೆ ಕಟ್ಟಿದರು, ಸತ್ತವರಿಗೆ ಶವಪೆಟ್ಟಿಗೆ ಮಾಡಿದರು. ಕೊನೆಗೆ ಅದೇ ರೋಗ ಅಂಟಿ 1889ರಲ್ಲಿ ತೀರಿಕೊಂಡರು. 2009ರಲ್ಲಿ ಅವರನ್ನ ಸಂತರೆಂದು ಘೋಷಿಸಲಾಯ್ತು.

ಡೇಮಿಯನ್ ದ್ವೀಪಕ್ಕೆ ಹೋದ ವರ್ಷವೇ ನಾರ್ವೆಯ ವೈದ್ಯ ಹ್ಯಾನ್ಸನ್ ಈ ರೋಗದ ಬ್ಯಾಕ್ಟೀರಿಯಾ ಕಂಡುಹಿಡಿದರು. ಈಗ 6 ರಿಂದ 12 ತಿಂಗಳ ಮಾತ್ರೆಯಲ್ಲಿ ವಾಸಿಯಾಗುತ್ತೆ, ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಔಷಧಿ ಸಿಕ್ಕಿದ ಮೇಲೆ ನರಳೋದರಲ್ಲಿ ಯಾವ ಪುಣ್ಯವೂ ಇಲ್ಲ. ಆದರೆ ವಾಸಿಯಾದವರಿಗೂ ಬಾಡಿಗೆ ಮನೆ, ಕೆಲಸ ಕೊಡೋಕೆ ಜನ ಹಿಂಜರೀತಾರೆ. ಆ ದೂರ ಕಳೆಯೋಕೆ ಮಾತ್ರೆ ಇಲ್ಲ, ಮನುಷ್ಯರೇ ಬೇಕು.

ಹಾಗಾಗಿ ಮನೆಯಲ್ಲಿ ಏಟು ತಿನ್ನೋ ಹೆಂಗಸಿಗೆ ಯಾರಾದ್ರೂ ‘ಇದು ನಿನ್ನ ಶಿಲುಬೆ, ಹೊತ್ಕೋ’ ಅಂದ್ರೆ, ಈ ಕಥೆ ಅವರ ಪರ ಇಲ್ಲ. ಶಿಲುಬೆಯನ್ನ ಇನ್ನೊಬ್ಬರ ಹೆಗಲಿಗೆ ಹೊರಿಸೋದು ಸುಲಭ. ಯೇಸು ಹೊತ್ತದ್ದು ತಮ್ಮ ಹೆಗಲ ಮೇಲೆ. ಇವತ್ತಿಗೆ ಇಷ್ಟು, ಮತ್ತೆ ಸಿಗೋಣ.