ರಾಜವಲ್ಲಭನ ಅಧಿಕಾರ: ಲೆರ್ಮದ ಡ್ಯೂಕನ ದೃಷ್ಟಾಂತ

ಕ್ರಿ. ಶ. 17ನೆಯ ಶತಮಾನದ ಆದಿಭಾಗದಲ್ಲಿ ಯೂರೋಪಿನ ಹಲವು ಅರಮನೆಗಳಲ್ಲಿ ಆಳುವವರಿಗೂ ಅವರ ಮಂತ್ರಾಲೋಚನ ಸಭೆಗಳಿಗೂ ನಡುವೆ ಮೂರನೆಯವನೊಬ್ಬನು ಬಂದು ನಿಂತನು. ಇಂಗ್ಲೆಂಡಿನ ಬಕಿಂಗ್‌ಹ್ಯಾಮ್, ಫ್ರಾನ್ಸಿನ ಕೊಂಚೀನಿ, ಸ್ಪೇನಿನ ಲೆರ್ಮ, ಇವರೆಲ್ಲರೂ ಈ ವರ್ಗಕ್ಕೆ ಸೇರಿದವರು. ಸ್ಪೇನಿನವರು ಇಂಥವನನ್ನು 'ವಾಲಿದೊ' ಎಂದು ಕರೆದರು, ಕನ್ನಡದಲ್ಲಿ 'ರಾಜವಲ್ಲಭ'ನೆನ್ನಬಹುದು.

ಅರಸರ ಆಲಸ್ಯವೇ ಇವರ ಏಳಿಗೆಗೆ ಕಾರಣವೆಂದು ಹೇಳಿ ಮುಗಿಸುವುದು ಚರಿತ್ರಕಾರರ ಹಳೆಯ ವಾಡಿಕೆ. ಅದು ಅರ್ಧ ಸತ್ಯ ಮಾತ್ರ. ಸ್ಪೇನಿನ ಎರಡನೆಯ ಫಿಲಿಪ್ಪನು ರಾಜ್ಯದ ಕಾಗದಪತ್ರಗಳನ್ನು ತಾನೇ ಕುಳಿತು ಓದಿ, ಅಂಚಿನಲ್ಲಿ ಸ್ವಹಸ್ತದಿಂದ ಟಿಪ್ಪಣಿ ಬರೆಯುತ್ತಿದ್ದ ಅರಸು. ರಾಜ್ಯವು ಬೆಳೆದಂತೆಲ್ಲ ಕಾಗದವೂ ಬೆಳೆಯಿತು. ಅಷ್ಟನ್ನು ಹೊರುವ ಶಕ್ತಿಯಾಗಲಿ ಮನಸ್ಸಾಗಲಿ ಅವನ ಮಗನಿಗಿರಲಿಲ್ಲ. 1598ರಲ್ಲಿ ಮೂರನೆಯ ಫಿಲಿಪ್ಪನು ಇಪ್ಪತ್ತರ ಪ್ರಾಯದಲ್ಲಿ ಪಟ್ಟಕ್ಕೆ ಬಂದಾಗ ಆ ಹೊರೆಗೆ ಹೆಗಲು ಕೊಟ್ಟವನೇ ಫ್ರಾನ್ಸಿಸ್ಕೊ ಗೋಮೆಸ್ ದೆ ಸಂದೊವಾಲ್. ಮರುವರ್ಷವೇ ಅವನು ಲೆರ್ಮದ ಡ್ಯೂಕನಾದನು.

ಅವನು ಕೈವಶಮಾಡಿಕೊಂಡ ಹುದ್ದೆಗಳು ಗಮನಾರ್ಹವಾದುವು. ಒಂದು, ರಾಜನ ಶಯ್ಯಾಗೃಹದ ಮೇಲ್ವಿಚಾರಣೆ; ಇನ್ನೊಂದು, ರಾಜಾಶ್ವಶಾಲೆಯ ಅಧಿಪತ್ಯ. ಮೇಲ್ನೋಟಕ್ಕೆ ಇವು ಬರಿಯ ಊಳಿಗಗಳು. ಆದರೆ ಮೊದಲನೆಯದರಿಂದ ಅರಮನೆಯೊಳಗೂ, ಎರಡನೆಯದರಿಂದ ಸವಾರಿ ಬೇಟೆಗಳಲ್ಲಿಯೂ ರಾಜನ ಮಗ್ಗುಲಲ್ಲಿರುವ ಹಕ್ಕು ದೊರೆಯಿತು. ರಾಜನನ್ನು ಯಾರು ಕಾಣಬೇಕು, ಯಾರು ಕಾಣಬಾರದು ಎಂಬುದು ಅವನ ಇಚ್ಛೆಗೆ ಬಂದಿತು. 1601ರಲ್ಲಿ ಆಸ್ಥಾನವನ್ನು ಮ್ಯಾಡ್ರಿಡ್ಡಿನಿಂದ ವಯ್ಯಾದೊಲಿದ್ ನಗರಕ್ಕೆ ಸಾಗಿಸಿದುದರಲ್ಲಿ ಈ ತಂತ್ರವೇ ವಿಸ್ತಾರವಾಗಿ ಕಾಣುತ್ತದೆ. ಮ್ಯಾಡ್ರಿಡ್ಡಿನ ಕನ್ಯಾಮಠದಲ್ಲಿ ವೃದ್ಧ ಸಾಮ್ರಾಜ್ಞಿ ಮರಿಯಾ ವಾಸವಾಗಿದ್ದಳು. ಆಕೆ ಅರಸನಿಗೆ ಏಕಕಾಲದಲ್ಲಿ ಅಜ್ಜಿಯೂ ಹೌದು, ಸೋದರತ್ತೆಯೂ ಹೌದು; ಹ್ಯಾಬ್ಸ್‌ಬರ್ಗ್ ಮನೆತನದಲ್ಲಿ ಇದು ಸೋಜಿಗವಲ್ಲ! ಲೆರ್ಮನ ಮೇಲೆ ಆಕೆಗೆ ವಿಶ್ವಾಸವಿರಲಿಲ್ಲ. ಆಕೆ 1603ರಲ್ಲಿ ತೀರಿಕೊಂಡಳು; 1606ರಲ್ಲಿ ಆಸ್ಥಾನವು ಮ್ಯಾಡ್ರಿಡ್ಡಿಗೆ ಮರಳಿತು.

1603ರಲ್ಲಿ ರೂಬೆನ್ಸನು ಲೆರ್ಮನನ್ನು ಅಶ್ವಾರೂಢನಾಗಿ ಚಿತ್ರಿಸಿದನು. ಆ ಭಂಗಿ ಅದುವರೆಗೆ ಪ್ರಾಯಶಃ ರಾಜರಿಗೆ ಸಲ್ಲುತ್ತಿದ್ದುದು. 1612ರಲ್ಲಿಯಂತೂ ಲೆರ್ಮನ ಆಜ್ಞೆಯನ್ನು ತನ್ನದೆಂದೇ ತಿಳಿದು ನಡೆಯತಕ್ಕದ್ದೆಂದು ಅರಸನು ಸಭೆಗಳಿಗೆ ನಿರೂಪ ಕಳುಹಿಸಿದನು. ವಲ್ಲಭನ ಅಧಿಕಾರಕ್ಕೆ ಲಿಖಿತ ಆಧಾರ ಬೇಕಾಯಿತೆಂಬುದೇ ಅದರ ಮೇಲಿನ ಗೊಣಗಾಟಕ್ಕೆ ಸಾಕ್ಷಿ ಎಂದು ತೋರುತ್ತದೆ.

ಒಬ್ಬನ ಮನಃಪ್ರಸಾದದಿಂದ ಬಂದುದು ಆ ಮನಸ್ಸು ತಿರುಗಿದೊಡನೆ ಹೋಗತಕ್ಕದ್ದೇ. ಲೆರ್ಮನು ಇದನ್ನು ಮುಂದಾಗಿಯೇ ಅರಿತು 1618ರಲ್ಲಿ ಪೋಪನಿಂದ ಕಾರ್ಡಿನಲ್ ಪದವಿಯನ್ನು ಸಂಪಾದಿಸಿಕೊಂಡನು. ಆ ವರ್ಷದ ಅಕ್ಟೋಬರಿನಲ್ಲಿ ಅವನನ್ನು ಆಸ್ಥಾನದಿಂದ ಹೊರಡಿಸಿದವರಲ್ಲಿ ಅವನ ಸ್ವಂತ ಮಗ ಉಸೇದದ ಡ್ಯೂಕನೇ ಪ್ರಮುಖ. ಕೆಂಪು ನಿಲುವಂಗಿ ಲೆರ್ಮನ ತಲೆಯನ್ನು ಉಳಿಸಿತು. 1625ರಲ್ಲಿ ಅವನು ಸಹಜವಾಗಿ ಮೃತನಾದನು. ಅವನ ಬಲಗೈಯಾಗಿದ್ದ ರೊದ್ರಿಗೊ ಕಾಲ್ದೆರೋನನಿಗೆ ಅಂಥ ಆಶ್ರಯವಿರಲಿಲ್ಲ. 1619ರಲ್ಲಿ ಸೆರೆಯಾದ ಅವನನ್ನು ಚಿತ್ರಹಿಂಸೆಗೆ ಗುರಿಮಾಡಿ, 1621ರ ಅಕ್ಟೋಬರ್ 21ರಂದು ಮ್ಯಾಡ್ರಿಡ್ಡಿನ ಮಹಾಚೌಕದಲ್ಲಿ ಶಿರಚ್ಛೇದ ಮಾಡಿದರು. ದ್ವೇಷದಿಂದ ನೆರೆದ ಜನ ಅವನ ಧೈರ್ಯವನ್ನು ಕಂಡು ಮರುಗಿದರು. ನೇಣುಗಂಬದ ಮೇಲಿನ ದೊನ್ ರೊದ್ರಿಗೊವಿನ ಗರ್ವವೆಂಬ ಗಾದೆಯೂ ಅಲ್ಲಿ ಹುಟ್ಟಿತು, ಅವನು ಸತ್ತದ್ದು ನೇಣಿನಿಂದಲ್ಲವಾದರೂ.

ಅಷ್ಟರಲ್ಲಿ ನಾಲ್ಕನೆಯ ಫಿಲಿಪ್ಪನು ಪಟ್ಟವೇರಿದ್ದನು. ಹಿಂದಿನವರ ಅಕ್ರಮಗಳನ್ನು ತೊಳೆಯುವೆನೆಂದು ಘೋಷಿಸಿ ಮುಂದೆ ಬಂದ ಹೊಸ ವಲ್ಲಭ ಒಲಿವಾರೆಸನು ಕೆಲಕಾಲದಲ್ಲಿಯೇ ಹಿಡಿದ ಹುದ್ದೆಗಳಾದರೂ ಶಯ್ಯಾಗೃಹದ್ದೂ ಅಶ್ವಶಾಲೆಯದೂ ಆಗಿದ್ದುವು.