ಪ್ರೊಸೆಸರ್ ಬದಲಿಸುವ ಮುನ್ನ

ಗಣಕದಲ್ಲಿ ಆಟ ತಡವರಿಸಿದೊಡನೆ ವಿದ್ಯಾರ್ಥಿಯು ಕೂಡಿಟ್ಟ ಹಣವನ್ನು ಹೊಸ ಪ್ರೊಸೆಸರಿಗೆ ಸುರಿಯುವುದು ವಿವೇಕವಲ್ಲ. ಆಟದ ನಿಯಮಗಳನ್ನೂ ಪಾತ್ರಗಳ ಚಲನೆಯನ್ನೂ ಪ್ರೊಸೆಸರ್ ಲೆಕ್ಕಹಾಕುತ್ತದೆ. ದೃಶ್ಯವನ್ನು ಗ್ರಾಫಿಕ್ಸ್ ಕಾರ್ಡ್ ಚಿತ್ರಿಸುತ್ತದೆ. ಇವೆರಡರಲ್ಲಿ ಹಿಂದೆ ಬಿದ್ದುದೇ ಆಟದ ವೇಗವನ್ನು ನಿರ್ಧರಿಸುತ್ತದೆ.

ಅದನ್ನು ಅರಿಯಲು ಚಿತ್ರಸಂಖ್ಯೆಯ ಮಿತಿಯನ್ನು ತೆಗೆದು, ರೆಸಲ್ಯೂಷನ್ನನ್ನು 1080ರಿಂದ 720ಕ್ಕೆ ಇಳಿಸಿ ನೋಡಬೇಕು. ಸೆಕೆಂಡಿಗೆ ಮೂಡುವ ಚಿತ್ರಗಳು ಗಣನೀಯವಾಗಿ ಹೆಚ್ಚಿದರೆ ಕೊರತೆ ಕಾರ್ಡಿನದು. ಹೆಚ್ಚದಿದ್ದರೆ ಬಹುಮಟ್ಟಿಗೆ ಪ್ರೊಸೆಸರಿನದು.

ಆಗಲೂ ಮದರ್‌ಬೋರ್ಡನ್ನು ಪರಿಶೀಲಿಸಬೇಕು. 2017ರ ರೈಜನ್ 5 1600 ಇರುವ ಅನೇಕ ಎಎಂ4 ಬೋರ್ಡುಗಳು, ಬಯಾಸ್ ನವೀಕರಿಸಿದರೆ, 2022ರ ರೈಜನ್ 7 5800ಎಕ್ಸ್3ಡಿಯನ್ನೂ ಒಪ್ಪುತ್ತವೆ; ಅಂಥಲ್ಲಿ ಖರ್ಚು ಸಾರ್ಥಕ. ಬೋರ್ಡು, ಮೆಮೊರಿಗಳನ್ನೂ ಬದಲಿಸಬೇಕಾದರೆ ಲೆಕ್ಕವೇ ಬೇರೆ. ಪರದೆ 60 ಹರ್ಟ್ಸಿನದಾಗಿದ್ದು, ಆಟವು ಸ್ಥಿರವಾಗಿ 60 ಚಿತ್ರಗಳನ್ನು ಮುಟ್ಟುತ್ತಿದ್ದರೆ ಬದಲಾವಣೆಯೇ ಅನಗತ್ಯ.